ಯಾರೂ ಮುಟ್ಟದ ಐದು ಕಂಪ್ಯೂಟರ್‌ಗಳು

ಇಮಾಮ್ ಬೀ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಾಗ ಮುತ್ತುರಾಜ್ ಓದುಮನೆಯ ಬಾಗಿಲಿನ ಬೀಗ ತೆಗೆಯುತ್ತಿದ್ದ. ಶಿವಾಜಿನಗರದಿಂದ ಹಲಸೂರಿನವರೆಗೆ ಅವರು ನಡೆದೇ ಬಂದಿದ್ದರು. ಬುರ್ಖಾದ ಅಂಚಿಗೆಲ್ಲ ಕೆಸರು ಮೆತ್ತಿತ್ತು.

"ಅಂಬುಜಮ್ಮ ಇದ್ದಾರಾ ಬೇಟಾ? ಈಗ್ಲೇ ನೋಡ್ಬೇಕು. ನನ್ನ ಮಗ ನನ್ನ ಕೈಗೆ ಸಿಗಲ್ಲ ಅನ್ನಿಸ್ತಿದೆ."

ಮುತ್ತುರಾಜ್‌ಗೆ ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಧೈರ್ಯ ಬರಲಿಲ್ಲ. ಅವರ ಮಗ ಅಮೀರ್ ಕಳ್ಳನೆಂದು ಸಂಜೆ ಇದೇ ಕೋಣೆಯಲ್ಲಿ ತೀರ್ಮಾನವಾಗಲಿದೆ, ಅಲ್ಲಿಂದ ನೇರ ಪೊಲೀಸ್ ಠಾಣೆಗೆ ದೂರು ಹೋಗಲಿದೆ ಎಂಬುದು ಅವನಿಗೆ ಗೊತ್ತಿತ್ತು. ಸಭೆಗೆ ಕುರ್ಚಿ ಹಾಕಬೇಕಾದವನೂ ಅವನೇ.

ಹಲಸೂರು ಕೆರೆಯ ಹಿಂದಿನ ಬೀದಿಯ ಆ ಹಳೆಯ ಕಟ್ಟಡದ ಮಹಡಿಯಲ್ಲಿ ಮುಂದೆ ಓದುಮನೆ, ಹಿಂದೆ ಅಂಬುಜಾ ಅವರ ಮನೆ. ವಿಮಾ ಕಚೇರಿಯಲ್ಲಿ ಕ್ಲೇಮುಗಳ ತನಿಖೆ ಮಾಡಿ ನಿವೃತ್ತರಾದವರು ಅವರು. ಸುಟ್ಟ ಗೋದಾಮು ತಾನಾಗಿ ಸುಟ್ಟಿತೋ ಯಾರಾದರೂ ಸುಟ್ಟರೋ, ಕೆರೆಗೆ ಬಿದ್ದ ಲಾರಿ ಜಾರಿ ಬಿತ್ತೋ ತಳ್ಳಿ ಬೀಳಿಸಿದ್ದೋ ಎಂದು ಪತ್ತೆ ಹಚ್ಚುವುದರಲ್ಲೇ ಅವರ ಅರ್ಧ ಆಯುಷ್ಯ ಕಳೆದಿತ್ತು. ನಿವೃತ್ತಿಯಾದರೂ ಕೆಲಸ ಅವರನ್ನು ಬಿಟ್ಟಿರಲಿಲ್ಲ. ಬೀದಿಯಲ್ಲಿ ಏನು ಕಳೆದುಹೋದರೂ ಜನ ಅವರ ಬಾಗಿಲಿಗೇ ಬರುತ್ತಿದ್ದರು. ಓದುಮನೆ ನೋಡಿಕೊಳ್ಳುವ ಮುತ್ತುರಾಜ್ ಅಂಥ ಹೊತ್ತಲ್ಲೆಲ್ಲ ಕಸಬರಿಕೆ ಅಲ್ಲೇ ಬಿಸಾಡಿ ಅವರ ಬೆನ್ನು ಹತ್ತುತ್ತಿದ್ದ.

ಇಮಾಮ್ ಬೀ ಕಾಫಿ ಬೇಡವೆಂದರು. ನೀರೂ ಬೇಡವೆಂದರು. "ಮೊನ್ನೆ ಓದುಮನೆ ಅಧ್ಯಕ್ಷರು ಅಮೀರ್ ಅಂಗಡಿ ಮುಂದೆ ನಿಂತು ಕಳ್ಳ, ಕಳ್ಳ ಅಂತ ಕೂಗಿದ್ರಮ್ಮಾ. ಗಲ್ಲೀಗೆಲ್ಲ ಕೇಳ್ತು. ಅವತ್ತು ಇಳಿಸಿದ ಶಟರ್ ಅವನು ಮತ್ತೆ ಎತ್ತಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗವ್ನೆ. ಅವನ್ನ ಒಬ್ಬನ್ನೇ ಬಿಟ್ಟು ಬರೋಕೆ ಭಯ ಆಗಿ ನನ್ನ ತಂಗೀನ ಕೂರ್ಸಿ ಬಂದಿದ್ದೀನಿ. ಸಂಜೆ ಪೊಲೀಸು ಅಂತ ಅಂದ್ರೆ ಅವನು ಉಳಿಯಲ್ಲಮ್ಮಾ."

ಅಂಬುಜಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದರು. "ಮುತ್ತು, ಮೊದಲಿಂದ ಹೇಳು. ನಿನಗೆ ಅನ್ನಿಸಿದ್ದು ಬೇಡ, ನಡೆದದ್ದು ಹೇಳು."

ನಡೆದದ್ದು ಇಷ್ಟು. ಓದುಮನೆಯಲ್ಲಿರುವುದು ಯಾವುದೋ ಕಂಪನಿ ಬೇಡವೆಂದು ಕೊಟ್ಟ ಐದು ಮುದಿ ಕಂಪ್ಯೂಟರ್‌ಗಳು. ಅವುಗಳ ಮೆಮೊರಿ ತೀರಾ ಕಡಿಮೆಯಾದ್ದರಿಂದ ಕಂಪ್ಯೂಟರ್ ರಿಪೇರಿ ಅಂಗಡಿಯ ಅಮೀರ್ ಲಿನಕ್ಸ್ ಎಂಬ ಹಗುರವಾದ ಉಚಿತ ತಂತ್ರಾಂಶ ಹಾಕಿ ಜೀವ ಕೊಟ್ಟಿದ್ದ. ಬೀದಿಯ ಹೆಂಗಸರು ಅದರಲ್ಲೇ ಟೈಪಿಂಗ್ ಕಲಿತರು, ಅರ್ಜಿ ತುಂಬಿದರು, ದೂರದ ಮಕ್ಕಳ ಮುಖ ನೋಡಿದರು. ಕಳೆದ ತಿಂಗಳು ಅಮೀರ್ ಎರಡು ಯಂತ್ರಗಳನ್ನು ಧೂಳು ತೆಗೆಯಲು ಅಂಗಡಿಗೆ ಒಯ್ದು ತಂದ. ಅದಾದ ಕೆಲವೇ ದಿನಕ್ಕೆ ಪೀಡೆ ಶುರುವಾಯಿತು. ಬ್ರೌಸರ್ ತೆರೆದು ಎರಡು ಪುಟ ನೋಡುವಷ್ಟರಲ್ಲಿ ಅದು ಸಾಯುತ್ತಿತ್ತು. ಅಮೀರ್ ಐದನ್ನೂ ಒಯ್ದು ಸರಿಮಾಡಿ ತಂದ. ಮರುದಿನ ಬೆಳಿಗ್ಗೆ ಐದೂ ಮತ್ತೆ ಸತ್ತವು.

"ಮೆಮೊರಿ ಸದಾ ಫುಲ್ ತೋರಿಸ್ತಿದೆ ಅಂತ ಶೀಬಾ ಮಿಸ್ ಅಧ್ಯಕ್ಷರಿಗೆ ಫೋನ್ ಮಾಡಿದ್ರು," ಎಂದ ಮುತ್ತುರಾಜ್. "ಒಳ್ಳೇ ಮೆಮೊರಿ ಕಿತ್ತು ಮಾರ್ಕೊಂಡು ಕೆಟ್ಟದ್ದನ್ನ ಹಾಕಿದ್ದಾನೆ ಅಂತ ಅವರು ತೀರ್ಮಾನ ಮಾಡ್ಬಿಟ್ರು."

"ಮೊದಲ ಸಲ ಒಯ್ದದ್ದು ಎರಡು. ಸತ್ತದ್ದು ಎಷ್ಟು?"

"ಐದೂ."

"ಮುಟ್ಟದೇ ಇರೋ ಮೂರರಿಂದ ಹೇಗಪ್ಪಾ ಕದ್ದ? ಸರಿ, ರಾತ್ರಿ ಈ ಕೋಣೆ ಬೀಗದ ಕೈ ಯಾರ ಹತ್ತಿರ?"

"ನನ್ನ ಹತ್ರ ಮಾತ್ರ," ಎಂದ ಮುತ್ತುರಾಜ್. ಅಮೀರ್ ಸರಿಮಾಡಿ ಕೊಟ್ಟದ್ದು ನಿಜವಾದರೆ ಬೆಳಗಾಗುವುದರೊಳಗೆ ಮುಚ್ಚಿದ ಕೋಣೆಯಲ್ಲಿ ಕೆಡಿಸಿದವರು ಯಾರು? ಅಮೀರ್ ಪಾರಾದರೆ ಜನ ಮುಂದೆ ನೋಡುವುದು ತನ್ನ ಮುಖವನ್ನೇ ಎಂಬುದು ಅವನಿಗೆ ಆಗ ಹೊಳೆಯಿತು. ಸಾಚಾ ಮನುಷ್ಯನಿಗೂ ಬೆವರು ಬರುವುದುಂಟು.

ಅಂಬುಜಾ ಕಿಟಕಿ ಪಕ್ಕದ ಯಂತ್ರದ ಮುಂದೆ ಕುಳಿತು ಬ್ರೌಸರ್ ತೆರೆದರು. ಪುಟ ಅರ್ಧ ಮೂಡಿತು. ಬಾಣದ ಗುರುತು ತಡವರಿಸಿತು. ಪುಟ ಕುಸಿದಿದೆ, ಮತ್ತೆ ಪ್ರಯತ್ನಿಸಿ ಎಂಬ ಒಕ್ಕಣೆ ಬಂತು. ಮತ್ತೆ ಪ್ರಯತ್ನಿಸುವ ಮೊದಲೇ ಇಡೀ ಬ್ರೌಸರ್ ಪರದೆಯಿಂದ ಮಾಯವಾಯಿತು. ಇಮಾಮ್ ಬೀ ಬಾಯಿಗೆ ಕೈ ಅಡ್ಡ ಹಿಡಿದರು.

ಅಷ್ಟರಲ್ಲಿ ತರಗತಿಗೆಂದು ಯಶೋದಮ್ಮ ಬಂದರು. ಮೊಮ್ಮಕ್ಕಳನ್ನು ಶಾಲೆಗೆ ಕಳಿಸಿ ಬಂದು ಕಂಪ್ಯೂಟರ್ ಕಲಿಯುವವರಲ್ಲಿ ಅವರೇ ಹಿರಿಯರು. "ಇವತ್ತೂ ಇಲ್ವಾ? ಇದಕ್ಕೂ ನನ್ನ ಹಾಗೆ ವಯಸ್ಸಾಯ್ತು ಬಿಡಿ," ಎಂದು ನಿಟ್ಟುಸಿರಿಟ್ಟರು. "ಈಚೆಗೆ ಇದು ತೆಗೆದ್ರೆ ಸಾಕು, ಮೇಲ್ಗಡೆ ಸಾಲಲ್ಲಿ ಮೊಣಕಾಲು ನೋವಿಗೆ ವ್ಯಾಯಾಮ, ಕುಂಡದಲ್ಲಿ ದೊಡ್ಡಪತ್ರೆ ಬೆಳೆಸೋದು ಅಂತೆಲ್ಲ ಬರ್ತಿದೆ. ನನ್ನ ಮಂಡಿ ನೋವು ಇದಕ್ಕೆ ಯಾರು ಹೇಳಿದ್ರೋ!"

ಮುತ್ತುರಾಜ್ ನಕ್ಕ. ಅಂಬುಜಾ ನಗಲಿಲ್ಲ. "ಅದು ಯಾವ ಕಂಪ್ಯೂಟರ್‌ನಲ್ಲಿ ಬರುತ್ತೆ ಯಶೋದಮ್ಮ?"

"ಯಾವುದರಲ್ಲಿ ಕೂತ್ರೂ ಬರುತ್ತಮ್ಮ."

ಟೈಪಿಂಗ್ ಕಲಿಸುವ ಶೀಬಾ ಬಂದವಳೇ ಅಂಬುಜಾ ಅವರನ್ನು ನೋಡಿ ಬಿಗಿಯಾದಳು. ಈ ಗುಜರಿಯನ್ನು ಎಸೆದು ಹೊಸ ಯಂತ್ರ ಕೊಡಿಸಿ ಎಂದು ಅವಳು ಅಧ್ಯಕ್ಷರೊಂದಿಗೆ ಜಗಳವಾಡಿದ್ದು ಎಲ್ಲರಿಗೂ ಗೊತ್ತಿತ್ತು. ಹಳೆಯವು ಸತ್ತರೆ ಹೊಸವು ಬರುತ್ತವೆ ಎಂಬ ಲೆಕ್ಕ ಹಾಕಲು ದೊಡ್ಡ ತಲೆ ಬೇಕಿರಲಿಲ್ಲ.

"ನಾನು ಹಾಳು ಮಾಡ್ದೆ ಅಂತೀರಾ ಮೇಡಂ?"

"ಅಮೀರ್ ಸರಿಮಾಡಿ ತಂದ ದಿನ ನೀನೇನು ಮಾಡ್ದೆ ಅಂತ ಕೇಳ್ತಿದ್ದೀನಿ, ಅಷ್ಟೆ."

"ಯಾವಾಗ್ಲೂ ಮಾಡೋದೇ. ಅವನು ಸಂಜೆ ತಂದಿಟ್ಟ, ಮನೆಗೆ ಹೋಗೋ ಮುಂಚೆ ಐದರಲ್ಲೂ ಬ್ರೌಸರ್ ತೆಗೆದು ಓದುಮನೆ ಅಕೌಂಟಿಗೆ ಸೈನ್ ಇನ್ ಆದೆ. ಹಾಗೆ ಮಾಡಿದ್ರೇನೇ ನಾನು ಉಳಿಸಿಟ್ಟ ಪಾಠದ ಪುಟಗಳೆಲ್ಲ ಎಲ್ಲದರಲ್ಲೂ ಬರೋದು. ಇವತ್ತು ಇಲ್ಲಿ ಕೂತವರು ನಾಳೆ ಅಲ್ಲಿ ಕೂರ್ತಾರಲ್ಲ."

ಅಂಬುಜಾ ಮತ್ತೆ ಬ್ರೌಸರ್ ತೆರೆದು, ಅದು ಸಾಯುವ ಮೊದಲೇ ಬಲಗಡೆಯ ಮೂಲೆಗೆ ಬೆರಳು ತೋರಿಸಿದರು. ಅಲ್ಲಿ ಬಣ್ಣ ಬಣ್ಣದ ಪುಟ್ಟ ಚಿತ್ರಗಳ ಸಾಲು ಇತ್ತು, ಬ್ರೌಸರ್‌ಗೆ ಮೇಲಿಂದ ಸೇರಿಸಿಕೊಳ್ಳುವ ಸಣ್ಣ ಸೌಲಭ್ಯಗಳ ಗುರುತುಗಳು. "ಈ ಎಕ್ಸ್‌ಟೆನ್ಷನ್‌ಗಳು ಯಾರದ್ದು?"

"ಅಮೀರ್ ಹಾಕಿರೋದು. ಮೇಂಟೆನೆನ್ಸ್‌ಗೆ ಇರ್ಬೇಕು. ನಾನ್ಯಾಕೆ ಮುಟ್ಲಿ?"

ಆಟೊ ಹಿಡಿದು ಅಂಬುಜಾ, ಮುತ್ತುರಾಜ್, ಇಮಾಮ್ ಬೀ ಮೂವರೂ ರಸೆಲ್ ಮಾರುಕಟ್ಟೆಯ ಹಿಂದೆ ಅಮೀರ್‌ನ ಅಂಗಡಿಯಿದ್ದ ಗಲ್ಲಿಗೆ ಹೋದರು. ಅಕ್ಕಪಕ್ಕದ ಅಂಗಡಿಯವರು ಇಮಾಮ್ ಬೀಯನ್ನು ಕಂಡು ಇದ್ದಕ್ಕಿದ್ದಂತೆ ಬಟ್ಟೆ ಮಡಿಸುವುದರಲ್ಲಿ, ಚಿಲ್ಲರೆ ಎಣಿಸುವುದರಲ್ಲಿ ಮುಳುಗಿಬಿಟ್ಟರು. ಮುಚ್ಚಿದ ಶಟರ್‌ನ ಹಿಂದಿನ ಕೋಣೆಯಲ್ಲಿ ಅಮೀರ್ ಚಾಪೆಯ ಮೇಲೆ ಮಲಗಿದ್ದ. ಯಾರು ಬಂದರೆಂದು ತಿರುಗಿಯೂ ನೋಡಲಿಲ್ಲ.

"ಅಮೀರ್, ನೀನು ಸರಿಮಾಡಿದ್ದು ಹೇಗೆ?" ಎಂದು ಅಂಬುಜಾ ಚಾಪೆಯ ಅಂಚಿನಲ್ಲೇ ಕುಳಿತು ಕೇಳಿದರು.

"ಹೇಳಿ ಏನ್ ಬಂತು ಮೇಡಂ? ಬಿಟ್ಬಿಡಿ."

"ನಿನ್ನ ಅಮ್ಮ ನಡ್ಕೊಂಡು ಬಂದಿದ್ದಾರೆ. ಅವರಿಗೋಸ್ಕರ ಹೇಳು."

ಅವನು ಗೋಡೆಗೇ ಹೇಳಿದ. "ಒಳಗಿದ್ದದ್ದೆಲ್ಲ ಅಳಿಸಿ ಹೊಸದಾಗಿ ಲಿನಕ್ಸ್ ಹಾಕ್ದೆ. ಮೆಮೊರಿ ಪರೀಕ್ಷೆ ಮಾಡ್ದೆ, ಒಂದು ತಪ್ಪೂ ಸಿಗ್ಲಿಲ್ಲ. ನೆಟ್ ಕೊಟ್ಟು ದಿನವಿಡೀ ವೀಡಿಯೊ ಓಡಿಸ್ದೆ. ಒಂದ್ಸಲಾನೂ ಬೀಳ್ಲಿಲ್ಲ ಮೇಡಂ. ಇಲ್ಲಿ ಬದುಕಿರ್ತಾವೆ, ಅಲ್ಲಿಗೆ ಹೋದ್ರೆ ಸಾಯ್ತಾವೆ. ನನ್ನ ನಸೀಬು."

"ಆ ಎಕ್ಸ್‌ಟೆನ್ಷನ್‌ಗಳು?"

"ನಾನು ಕೊಟ್ಟಾಗ ಇರ್ಲಿಲ್ಲ. ಆಮೇಲೆ ಅಲ್ಲಿಗೆ ನೋಡೋಕೆ ಹೋದಾಗ ಇತ್ತು. ಶೀಬಾ ಮಿಸ್ ಪಾಠಕ್ಕೆ ಹಾಕ್ಕೊಂಡಿರ್ತಾರೆ ಅಂತ ಸುಮ್ಮನಾದೆ. ಅವರ ಕ್ಲಾಸಲ್ಲಿ ನಾನ್ಯಾಕೆ ಕೈ ಹಾಕ್ಲಿ?"

ಅಂಬುಜಾ ಮುತ್ತುರಾಜ್‌ನ ಮುಖ ನೋಡಿದರು. ಅವಳು ಇವನದ್ದೆಂದಳು, ಇವನು ಅವಳದ್ದೆಂದ. ಹಾಗಾದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡ ಮುತ್ತುರಾಜ್. ಅವನ ಮನಸ್ಸು ಶೀಬಾಳ ಕಡೆಗೇ ವಾಲಿತು.

"ಸಂಜೆ ನೀನು ಬರ್ಬೇಕು," ಎಂದರು ಅಂಬುಜಾ.

"ಹೊರಗೆ ಕಾಲಿಡಲ್ಲ ಮೇಡಂ. ಎಲ್ರೂ ನೋಡ್ತಾರೆ."

"ನೋಡ್ಲಿ ಅಂತಾನೇ ಬರ್ಬೇಕು."

ಅಲ್ಲಿಂದ ಸಿ.ವಿ. ರಾಮನ್ ನಗರಕ್ಕೆ. ಓದುಮನೆಯ ಅಧ್ಯಕ್ಷರಾದ ವೆಂಕಟಸುಬ್ಬಯ್ಯನವರು ಸರ್ಕಾರಿ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ, ಮಡಿಲಲ್ಲಿ ಹೊಸ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದರು. ದೊಡ್ಡಪತ್ರೆ ಅರೆದು ಹಾಕಿದ ಮಜ್ಜಿಗೆ ಬಂತು. ಚೆನ್ನಾಗಿತ್ತು, ಆದರೆ ಮುತ್ತುರಾಜ್‌ಗೆ ಇಳಿಯಲಿಲ್ಲ.

"ನನಗೇನು ಆ ಹುಡುಗನ ಮೇಲೆ ದ್ವೇಷ ಇದೆಯೇನ್ರೀ?" ಎಂದರು ವೆಂಕಟಸುಬ್ಬಯ್ಯ. "ಬಡ ಹೆಂಗಸರು ಕಲಿಯೋ ಯಂತ್ರಕ್ಕೆ ಕೈ ಹಾಕಿದಾನಲ್ಲ ಅಂತ ಹೊಟ್ಟೆ ಉರಿಯುತ್ತೆ. ಮಂಡಿ ನೋವು ಬಂದಮೇಲೆ ನಾನು ಆ ಮೆಟ್ಟಿಲು ಹತ್ತೋಕಾಗ್ತಿಲ್ಲ. ಆದ್ರೂ ಏನು ಪಾಠ ನಡೀತಿದೆ ಅಂತ ಇಲ್ಲೇ ಕೂತು ನೋಡ್ತೀನಿ. ಶೀಬಾ ಬಂದು ಹಾಕ್ಕೊಟ್ಟು ಹೋದಳು. ನೋಡಿ, ನನ್ನದು ಎಷ್ಟು ಚೆನ್ನಾಗಿ ಓಡುತ್ತೆ!"

ಅಂಬುಜಾ ನೋಡಿದರು. ಬಹಳ ಹೊತ್ತು ನೋಡಿದರು. "ಸಂಜೆ ಇದನ್ನೂ ತನ್ನಿ ಸಾರ್. ಹೋಲಿಸಿ ನೋಡೋಕೆ ಒಂದು ಒಳ್ಳೇ ಯಂತ್ರ ಬೇಕು."

ದಾರಿಯಲ್ಲಿ ಮುತ್ತುರಾಜ್‌ಗೆ ತಡೆಯಲಾಗಲಿಲ್ಲ. "ಶೀಬಾ ಮಿಸ್ಸೇ ಅಲ್ವಾ ಮೇಡಂ?"

"ಕೆರೆಗೆ ಬಿದ್ದ ಲಾರಿ ನೋಡಿದ್ರೆ ನಾನು ಮೊದಲು ಕೇಳ್ತಿದ್ದದ್ದು, ಇದು ಎಲ್ಲಿಯವರೆಗೆ ಸರಿಯಾಗಿ ಓಡ್ತಿತ್ತು ಅಂತ. ಅಮೀರ್ ಅಂಗಡೀಲಿ ಸರಿಯಾಗಿತ್ತು. ಓದುಮನೇಲಿ ಸತ್ತಿತು. ಮಧ್ಯೆ ನಡೆದದ್ದು ಒಂದೇ. ಅದನ್ನ ಹುಡುಕು."

ಮುತ್ತುರಾಜ್ ಹುಡುಕಿದ. ಸಿಗಲಿಲ್ಲ. ಸಿಕ್ಕಿದ್ದರೆ ಅವನು ಕಸಬರಿಕೆ ಹಿಡಿಯುತ್ತಿರಲಿಲ್ಲ.

ಸಂಜೆ ಕುರ್ಚಿಗಳು ತುಂಬಿದವು. ಅಧ್ಯಕ್ಷರು ಒಂದೊಂದು ಮೆಟ್ಟಿಲಿಗೂ ನಿಂತು, ಮುತ್ತುರಾಜ್‌ನ ಹೆಗಲು ಹಿಡಿದು ಹತ್ತಿ ಬಂದರು. ಶೀಬಾ ಕೈಕಟ್ಟಿ ಗೋಡೆಗೆ ಒರಗಿದ್ದಳು. ಯಶೋದಮ್ಮ ಮತ್ತು ತರಗತಿಯ ಹೆಂಗಸರು ಒಂದು ಕಡೆ ಕೂತಿದ್ದರು. ಅಮೀರ್ ಬಾಗಿಲ ಹತ್ತಿರ ತಾಯಿಯ ಪಕ್ಕ ನೆಲ ನೋಡುತ್ತಾ ನಿಂತಿದ್ದ. ಅವನಿಗೆ ಯಾರೂ ಕುರ್ಚಿ ಕೊಡಲಿಲ್ಲ. ಮುತ್ತುರಾಜ್ ತನ್ನ ಸ್ಟೂಲನ್ನು ಅವನ ಕಡೆ ಸರಿಸಿದ. ಅವನು ಕೂರಲಿಲ್ಲ.

"ಠಾಣೆಯವರು ಕಾಯ್ತಿರ್ತಾರೆ, ಬೇಗ ಮುಗಿಸೋಣ," ಎಂದರು ವೆಂಕಟಸುಬ್ಬಯ್ಯ.

"ಮುಗಿಸೋಣ," ಎಂದರು ಅಂಬುಜಾ. "ಮೊದಲು ಇದೊಂದು ನೋಡಿ." ಅವರು ಕಿಟಕಿ ಪಕ್ಕದ ಯಂತ್ರದಲ್ಲಿ ಬ್ರೌಸರನ್ನು ಟ್ರಬಲ್‌ಶೂಟ್ ಮೋಡ್‌ನಲ್ಲಿ ತೆರೆದರು. "ಹೀಗೆ ತೆಗೆದ್ರೆ ಎಕ್ಸ್‌ಟೆನ್ಷನ್‌ಗಳು ಯಾವುವೂ ಕೆಲಸ ಮಾಡಲ್ಲ. ಬ್ರೌಸರ್ ಒಂದೇ ಇರುತ್ತೆ."

ಒಂದು ಪುಟ ಬಂತು. ಇನ್ನೊಂದು, ಮತ್ತೊಂದು. ವೀಡಿಯೊ ಓಡಿತು. ಯಶೋದಮ್ಮ "ಅಯ್ಯೋ, ಬದುಕಿತು!" ಎಂದು ಎದ್ದೇ ಬಿಟ್ಟರು. ಅಂಬುಜಾ ಅದನ್ನು ಮುಚ್ಚಿ ಎಂದಿನಂತೆ ತೆರೆದರು. ಎರಡನೆಯ ಪುಟಕ್ಕೆ ಅದು ಸತ್ತುಬಿತ್ತು.

"ಅದೇ ಯಂತ್ರ, ಅದೇ ಮೆಮೊರಿ. ಕೆಟ್ಟ ಮೆಮೊರಿ ಆಗಿದ್ರೆ ಎರಡೂ ಸಲ ಸಾಯ್ಬೇಕಿತ್ತು. ಸುಳ್ಳು ಮೆಮೊರಿ, ಸುಳ್ಳು ಕಳ್ಳತನ. ಸಾಯಿಸ್ತಿರೋದು ಈ ಎಕ್ಸ್‌ಟೆನ್ಷನ್‌ಗಳು. ಒಂದೊಂದೂ ಒಬ್ಬ ನೆಂಟ ಇದ್ದ ಹಾಗೆ. ದೊಡ್ಡ ಮನೆಗೆ ಎಂಟು ಜನ ಬಂದು ಉಳಿದ್ರೂ ಗೊತ್ತಾಗಲ್ಲ. ಒಂದೇ ಕೋಣೆ ಮನೆಗೆ ಬಂದ್ರೆ ಮನೆಯವರೇ ಬೀದಿಗೆ."

"ಹಾಗಾದ್ರೆ ಹಾಕಿದ್ದು ಅಮೀರೇ," ಎಂದಳು ಶೀಬಾ.

"ನೀವೇ ಹಾಕಿದ್ದು ಅಂತ ನಾನು—" ಅಮೀರ್ ಮೊದಲ ಸಲ ತಲೆಯೆತ್ತಿದ.

"ಇಬ್ಬರೂ ಅಲ್ಲ," ಎಂದರು ಅಂಬುಜಾ. "ನೀನು ಅವಳ ಪಾಠಕ್ಕೆ ಅಂತ ಬಿಟ್ಟೆ. ಅವಳು ನಿನ್ನ ರಿಪೇರಿಗೆ ಅಂತ ಬಿಟ್ಟಳು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕಬಾರ್ದು ಅನ್ನೋ ಮರ್ಯಾದೆ. ಒಂದು ಮಾತು ಕೇಳಿದ್ದಿದ್ರೆ ಈ ಸಭೆ ಇರ್ತಿರ್ಲಿಲ್ಲ. ಈಗ ಎಲ್ಲರೂ ಕೈಯನ್ನ ಮಡಿಲಲ್ಲಿ ಇಟ್ಕೊಳ್ಳಿ. ಈ ಐದು ಯಂತ್ರಾನ ಯಾರೂ ಮುಟ್ಟಬೇಡಿ. ಮುತ್ತು, ನೀನೂ ಅಷ್ಟೆ."

ಅವರು ಕಿಟಕಿ ಪಕ್ಕದ ಪರದೆಯಲ್ಲಿ ಎಕ್ಸ್‌ಟೆನ್ಷನ್‌ಗಳ ಪುಟವೊಂದನ್ನೇ ತೆರೆದಿಟ್ಟು ಎದ್ದು ಬಂದರು. ಕೋಣೆಯ ಇನ್ನೊಂದು ತುದಿಯಲ್ಲಿದ್ದ ಅಧ್ಯಕ್ಷರ ಲ್ಯಾಪ್‌ಟಾಪನ್ನು ಕೇಳಿ ತೆಗೆದುಕೊಂಡರು. ಅದರಲ್ಲೂ ಅದೇ ಚಿತ್ರಗಳ ಸಾಲು. ಅಂಬುಜಾ ಒಂದನ್ನು ಅಳಿಸಿದರು, ಇನ್ನೊಂದನ್ನು ಅಳಿಸಿದರು, ಸಿಂಕ್ ಎಂಬಲ್ಲಿ ಒತ್ತಿ ಕಾಯುತ್ತಾ ನಿಂತರು.

ಏನೂ ಆಗಲಿಲ್ಲ. ಇಮಾಮ್ ಬೀಯ ತುಟಿಗಳು ಪ್ರಾರ್ಥನೆಯಲ್ಲಿ ಅಲುಗುತ್ತಿದ್ದವು. ಅಂಬುಜಾ ಮೇಡಂ ತಪ್ಪಿದರೆ ಈ ಹುಡುಗನ ಕತೆ ಮುಗಿಯಿತು ಎಂದು ಮುತ್ತುರಾಜ್ ಅಂದುಕೊಳ್ಳುವಷ್ಟರಲ್ಲಿ ಯಶೋದಮ್ಮ ಕಿಟಾರನೆ ಕೂಗಿದರು. ಯಾರೂ ಮುಟ್ಟದ ಪರದೆಯ ಮೇಲಿಂದ ಒಂದು ಚಿತ್ರ ಮಾಯವಾಗಿತ್ತು. ನೋಡುತ್ತಿದ್ದಂತೆಯೇ ಇನ್ನೊಂದೂ ಹೋಯಿತು.

"ಓದುಮನೆ ಅಕೌಂಟ್ ಒಂದೇ," ಎಂದು ಅಂಬುಜಾ ನಿಧಾನವಾಗಿ ಹೇಳಿದರು. "ಒಂದು ಕಡೆ ಏನೇ ಹಾಕಿದ್ರೂ, ತೆಗೆದ್ರೂ, ಯಾವ ಪುಟ ನೋಡಿದ್ರೂ ಆ ಅಕೌಂಟ್ ಇರೋ ಎಲ್ಲ ಕಡೆಗೂ ಅದು ಹೋಗುತ್ತೆ. ಪಾಠದ ಪುಟ ಹೋದ ದಾರೀಲೇ ಎಕ್ಸ್‌ಟೆನ್ಷನ್ನೂ ಹೋಯ್ತು. ಅಮೀರ್ ಎಲ್ಲ ಅಳಿಸಿ ಶುದ್ಧ ಮಾಡಿ ತಂದ. ಶೀಬಾ ಸೈನ್ ಇನ್ ಆದ ತಕ್ಷಣ ಕೊಳೆಯೆಲ್ಲ ವಾಪಸ್ ಬಂತು. ಬಾಗಿಲಿಗೆ ಬೀಗ ಹಾಕಿದ್ರೆ ಅದನ್ನ ತಡೆಯೋಕಾಗುತ್ತಾ? ಆದ್ರೆ ಅಕೌಂಟ್‌ನಲ್ಲಿ ಹೊರಗಿನವರು ಯಾರು ಕೂತಿದ್ದಾರೆ ಅಂತ ಗೊತ್ತಾಗ್ಬೇಕಿತ್ತು. ಅದನ್ನ ಹೇಳಿದ್ದು ಯಶೋದಮ್ಮ. ಯಾವ ಯಂತ್ರದಲ್ಲಿ ಕೂತ್ರೂ ಮೊಣಕಾಲು ನೋವು, ದೊಡ್ಡಪತ್ರೆ. ಯಾರದ್ದೋ ಮಂಡಿ ನೋವು ಈ ಕೋಣೆಗೆ ಬಂದಿತ್ತು. ಇವತ್ತು ಮಧ್ಯಾಹ್ನ ಅವರ ಮನೇಲಿ ಮಜ್ಜಿಗೆ ಕುಡಿದು ಬಂದೆ."

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

"ನಾನು ಇಲ್ಲಿಗೆ ಬಂದೇ ಇಲ್ಲವಲ್ಲ," ಎಂದರು ವೆಂಕಟಸುಬ್ಬಯ್ಯ. ದನಿ ಅವರದ್ದೇ ಅಲ್ಲವೆಂಬಂತಿತ್ತು. "ಅಕ್ಷರ ದೊಡ್ಡದಾಗಲಿ ಅಂತ ಒಂದು ಹಾಕಿದೆ. ಜಾಹೀರಾತು ಬರದಿರಲಿ ಅಂತ ಒಂದು. ಆಮೇಲೆ... ಯಂತ್ರಗಳು ನಿಧಾನ ಅಂತ ಶೀಬಾ ಹೇಳಿದಳಲ್ಲ, ವೇಗ ಹೆಚ್ಚಿಸುತ್ತೆ ಅಂತ ಬರೆದಿದ್ದದ್ದನ್ನೆಲ್ಲ ನನ್ನದರಲ್ಲಿ ಹಾಕಿ ಪರೀಕ್ಷೆ ಮಾಡ್ದೆ. ಒಳ್ಳೇದಿದ್ರೆ ಅಮೀರ್‌ಗೆ ಹೇಳೋಣ ಅಂತ. ನನ್ನದು ಚೆನ್ನಾಗೇ ಓಡ್ತಿತ್ತು ಕಣ್ರೀ."

"ನಿಮ್ಮದು ದೊಡ್ಡ ಮನೆ ಸಾರ್," ಎಂದರು ಅಂಬುಜಾ. "ಶೀಬಾ ಅದರಲ್ಲಿ ಹಾಕಿಕೊಟ್ಟ ಅಕೌಂಟ್ ಮಾತ್ರ ಇವರದ್ದೂ ಅದೇ."

ವೆಂಕಟಸುಬ್ಬಯ್ಯ ಕುರ್ಚಿಯ ಕೈ ಹಿಡಿದು ಕಷ್ಟಪಟ್ಟು ಎದ್ದರು. ಅಮೀರ್‌ನ ಕಡೆ ತಿರುಗಿ ಕೈ ಮುಗಿದರು. "ತಪ್ಪಾಯ್ತಪ್ಪ. ದೂರು ಕೊಡಲ್ಲ. ಇಲ್ಲಿಗೆ ಬಿಟ್ಟುಬಿಡೋಣ."

ಕೋಣೆಯಲ್ಲಿ ಎಲ್ಲರೂ ಉಸಿರು ಬಿಟ್ಟರು. ಇಮಾಮ್ ಬೀ ಬಿಡಲಿಲ್ಲ. ದಿನವಿಡೀ ಬೇಡುತ್ತಿದ್ದ ಆ ದನಿ ಈಗ ನೆಟ್ಟಗೆ ನಿಂತಿತ್ತು. "ಇಲ್ಲಿಗೆ ಯಾಕೆ ಬಿಡ್ಬೇಕು ಸಾಬ್? ಇಲ್ಲಿ ಅವನ್ನ ಯಾರು ಕಳ್ಳ ಅಂದ್ರು? ನಮ್ಮ ಗಲ್ಲೀಲಿ ಅಂದ್ರಿ. ಅಲ್ಲಿ ಬಂದು ಹೇಳಿ."

ವೆಂಕಟಸುಬ್ಬಯ್ಯ ಎಲ್ಲರ ಜೊತೆ ಹೊರಟರು. ಇಲ್ಲವೆನ್ನಲು ಅವರಿಗೂ ಮುಖವಿರಲಿಲ್ಲ. ಸಂಜೆಯ ಜನಜಂಗುಳಿಯಲ್ಲಿ ಆಟೊ ಗಲ್ಲಿಯೊಳಗೆ ನುಗ್ಗಲಿಲ್ಲ. ವೆಂಕಟಸುಬ್ಬಯ್ಯ ಇಳಿದು, ನೋಯುವ ಕಾಲೆಳೆಯುತ್ತಾ ಮುಚ್ಚಿದ ಶಟರ್‌ವರೆಗೆ ನಡೆದರು. ಅಲ್ಲಿ ನಿಂತು, ಅಕ್ಕಪಕ್ಕದವರೆಲ್ಲ ಕೇಳುವಂತೆ ದನಿಯೆತ್ತಿ ಹೇಳಿದರು: "ಅಮೀರ್ ಏನೂ ಕದ್ದಿಲ್ಲ. ಕೆಡಿಸಿದ್ದು ನಾನು. ಮೊನ್ನೆ ನಾನು ಕೂಗಿದ್ದು ಸುಳ್ಳು." ಮುತ್ತುರಾಜ್‌ಗೆ ಅವರ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ಬಟ್ಟೆ ಅಂಗಡಿಯವನು ಮುಂದೆ ಬಂದು ಅಮೀರ್‌ನ ಹೆಗಲ ಮೇಲೆ ಕೈ ಹಾಕಿದ. "ನಾವ್ಯಾರೂ ನಂಬಿರ್ಲಿಲ್ಲ ಸಾಬ್. ನಮ್ಮ ಹುಡುಗ ಇವನು, ನಮಗೆ ಗೊತ್ತಿಲ್ವಾ?"

ಅಮೀರ್ ಆ ಕೈಯನ್ನು ನೋಡಿದ. "ನಂಬಿರ್ಲಿಲ್ಲ ಅಂದ್ರೆ, ಮೊನ್ನೆಯಿಂದ ನನ್ನ ಬಾಗಿಲು ಒಬ್ಬರೂ ಯಾಕೆ ತಟ್ಟಲಿಲ್ಲ ಭಾಯ್?"

ಬಟ್ಟೆ ಅಂಗಡಿಯವನು ಕೈ ತೆಗೆದ. ಅಮೀರ್ ಬಗ್ಗಿ ಬೀಗ ತೆಗೆದು ಶಟರ್ ಮೇಲಕ್ಕೆತ್ತಿದ, ಒಳಗೆ ಹೋಗಿ ದೀಪ ಹಾಕಿದ. ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದ ಇಮಾಮ್ ಬೀ ಅಂಗಡಿಯ ಕಲ್ಲಿನ ಮೇಲೆ ಕುಸಿದು ಕುಳಿತು, ಬಾಯಿಬಿಟ್ಟು ಅಳತೊಡಗಿದರು.